ಮಾಸ್ತರರ ಹೊಟ್ಟೆ ತೊಳೆದ ಮೂರು ತಿಂಗಳು

ಮಾನ ಮರ್ಯಾದೆ ಇರುವ ಮನೆಗಳಲ್ಲೇ ಇಂಥವು ಹೆಚ್ಚು ನಡೆಯುತ್ತವೆ. ನಮ್ಮಂಥವರ ಮನೆಯಲ್ಲಿ ನಡೆದರೆ ಅದನ್ನು ಯಾರೂ ಸುದ್ದಿ ಅನ್ನೋದೇ ಇಲ್ಲ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಕಾರವಾರದ ಹಬ್ಬುವಾಡದಲ್ಲಿ ಮನೆ ಮನೆಗೆ ಮೀನು ಮಾರುತ್ತಲೇ ಮುದುಕಿಯಾದವಳು, ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ. ಯಾರ ಮನೆಯೊಳಗೆ ಏನು ಬೇಯುತ್ತಿದೆ ಅಂತ ನನ್ನ ಮೂಗಿಗೇ ಗೊತ್ತಾಗುತ್ತದೆ.

ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬಂದ ಕಾಲ. ಅಲ್ಲಿಯ ರಿಟೈರ್ಡ್ ಮಾಸ್ತರರಿಗೆ ಸಂಡಾಸಿಗೆ ಹೋದಾಗ ರಕ್ತ ಬೀಳತೊಡಗಿತು. ಅವರ ಅಪ್ಪ ತೀರಿಕೊಂಡದ್ದೂ ಹೀಗೇ, ಕರುಳಿನ ದೊಡ್ಡ ರೋಗ, ಕ್ಯಾನ್ಸರಿನಿಂದ. ಮಾಸ್ತರರು ಆಗಲೇ ಅರ್ಧ ಸತ್ತರು. ಹುಬ್ಬಳ್ಳಿಯಿಂದ ತಿಂಗಳಿಗೊಂದು ಆದಿತ್ಯವಾರ ಬರುವ ಡಾಕ್ಟರು ಹೊಟ್ಟೆ ತೊಳೆಯುವ ಪುಡಿಯ ಪಾಕೀಟು ಕೊಟ್ಟು, “ಕ್ಯಾಮರಾ ಇರುವ ಕೊಳವೆಯನ್ನು ಹಿಂದಿನಿಂದ ಬಿಟ್ಟು ನೋಡಬೇಕು. ಕರುಳು ಖಾಲಿ ಇರಬೇಕು, ಇಲ್ಲಾಂದ್ರೆ ಮತ್ತೆ ಮುಂದಿನ ತಿಂಗಳೇ” ಅಂದರು.

೧. ಹರಳೆಣ್ಣೆ

ಅಂಕೋಲೆಯಿಂದ ಮಾಸ್ತರರ ಅಕ್ಕ ಬಸ್ಸು ಹತ್ತಿ ಬಂದಳು, ಸೊಂಟದಲ್ಲಿ ಹರಳೆಣ್ಣೆ ಬಾಟ್ಲಿ. “ಪುಡಿಗಿಡಿ ಯಾಕೋ? ಸಣ್ಣವನಿದ್ದಾಗ ನಿನಗೆ ಇದನ್ನೇ ಕುಡಿಸಿದ್ದು” ಅಂತ ಮೂಗು ಹಿಡಿದು ಒಂದು ಲೋಟ ಇಳಿಸಿದಳು. ಅರವತ್ತೆರಡರ ಮಾಸ್ತರರು ಆರು ವರ್ಷದವರ ಹಾಗೆ ಅತ್ತರು. ಆಮೇಲೆ ಓಡಿದ್ದು ಹನ್ನೊಂದು ಸಲ. ನಾನು ಅವರ ಜಗಲಿಯ ಮೇಲೇ ಇದ್ದೆ.

ಆದಿತ್ಯವಾರ ಆಸ್ಪತ್ರೆಗೆ ನಾನೂ ಹೋಗಿದ್ದೆ. ಡಾಕ್ಟರು ಕೊಳವೆ ಬಿಟ್ಟು ನೋಡಿದರೆ ಒಳಗೆಲ್ಲ ಅಗುಳು!

“ಏನೂ ತಿನ್ನಬಾರದು ಅಂದಿದ್ದೆನಲ್ಲ?”

“ಏನೂ ತಿಂದಿಲ್ಲ. ಬರೇ ಗಂಜಿ, ಎರಡು ಬಟ್ಟಲು” ಅಂದಳು ಅಕ್ಕ.

“ಗಂಜಿ ಊಟ ಅಲ್ವೇನಮ್ಮ?”

ಅಕ್ಕ ನನ್ನ ಮುಖ ನೋಡಿದಳು. “ಘಟ್ಟದ ಮೇಲಿನವರಿಗೆ ಏನೂ ತಿಳಿಯೋದಿಲ್ಲ ಮಾರಾಯ್ತಿ. ಗಂಜಿ ಹತ್ತು ಗಂಟೆಗೆ, ಊಟ ಮಧ್ಯಾಹ್ನಕ್ಕೆ!”

೨. ಎನಿಮಾ

ಎರಡನೇ ತಿಂಗಳು ಅಕ್ಕನನ್ನು ಅಂಕೋಲೆಯಲ್ಲೇ ಇರಿಸಿದರು. ಆದರೆ ಮಾಸ್ತರರು “ಬಾಯಿಂದ ಇನ್ನು ಯಾವ ಔಷಧವೂ ಕುಡಿಯೋದಿಲ್ಲ” ಅಂತ ಹಟ ಹಿಡಿದರು. ಸರಿ, ಮನೆಗೇ ನರ್ಸ್ ಬಂದಳು, ಸಾಬೂನು ನೀರು, ರಬ್ಬರ್ ಕೊಳವೆ ಸಮೇತ. ನೋಡಿದರೆ ಅವಳು ಮಾಸ್ತರರ ಹಳೇ ವಿದ್ಯಾರ್ಥಿನಿ! “ಸರ್, ಬಗ್ಗಿ ನಿಲ್ಲಿ” ಅಂದಳಂತೆ. ಶಾಲೆಯಲ್ಲಿ ಇವರು ಆಕೆಗೆ ಎಷ್ಟು ಸಲ ಹಾಗಂದಿದ್ದರೋ.

ಹೊಟ್ಟೆ ತಂಪಾಗಲಿ, ಹೇಗೂ ನೀರೇ ಅಲ್ಲವಾ ಅಂತ ನಾನು ಅವರಿಗೆ ಚೊಂಬು ತುಂಬ ಮುರುಗಲ ಹಣ್ಣಿನ ಕೋಕಂ ನೀರು ಕುಡಿಸಿದೆ. ಮರುದಿನ ಡಾಕ್ಟರು ನೋಡಿದರೆ ಒಳಗೆಲ್ಲ ಕೆಂಪು. ಮಾಸ್ತರರ ಹೆಂಡತಿ (ನಾವೆಲ್ಲ ಅವಳನ್ನು ಬಾಯಿ ಅಂತಲೇ ಕರೆಯೋದು) ಗೋಡೆ ಹಿಡಿದು ಕೂತೇಬಿಟ್ಟಳು.

“ಇದರಲ್ಲಿ ರಕ್ತ ಯಾವುದು, ಕೋಕಂ ಯಾವುದು ಅಂತ ನಾನು ಹೇಗೆ ಹೇಳಲಿ? ಯಾರು ಕುಡಿಸಿದ್ದು?” ಅಂತ ಡಾಕ್ಟರು ಕೂಗಿದರು.

ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ. ಡಾಕ್ಟರಿಗೂ ಒಂದು ಬಾಟ್ಲಿ ಕೋಕಂ ತಂದಿದ್ದೆ, ಕೊಡಲು ಧೈರ್ಯ ಬರಲಿಲ್ಲ.

೩. ಪುಡಿ

ಮೂರನೇ ತಿಂಗಳಿಗೆ ಮಾಸ್ತರರು ಸೊರಗಿ ಒಣಮೀನಾಗಿದ್ದರು. ಬಾಯಿ ಬಾಗಿಲು ಹಾಕಿಕೊಂಡು, ಗಡಿಯಾರ ಮುಂದಿಟ್ಟುಕೊಂಡು ಡಾಕ್ಟರ ಪುಡಿಯನ್ನೇ ಕಲಸಿದಳು. ಎರಡು ಲೀಟರು ನೀರು, ಹತ್ತು ನಿಮಿಷಕ್ಕೊಂದು ಲೋಟ.

ಅಬ್ಬಾ! ಹೊಟ್ಟೆನೋವಿಲ್ಲ, ಕೂಗಾಟವಿಲ್ಲ. ಮೊದಲು ರಾಡಿ, ಆಮೇಲೆ ಹಳದಿ, ಕಡೆಗೆ ದೀಪಾವಳಿ ಹೊತ್ತಿನ ಬಾವಿ ನೀರಿನಷ್ಟು ತಿಳಿ. ಒಬ್ಬ ಮನುಷ್ಯನೊಳಗೆ ಇಷ್ಟೆಲ್ಲ ಹಿಡಿಸುತ್ತದಾ ದೇವರೇ! ಹರಳೆಣ್ಣೆ, ಸಾಬೂನು ನೀರು ಎಲ್ಲ ಇದರ ಮುಂದೆ ಮಕ್ಕಳಾಟ. ಒಳಗಿಂದ ಬಾಯಿ ನನಗೆ, “ಮಾವಶಿ, ತಿಳಿ ಆಯ್ತು!” ಅಂತ ಖುಷಿಯಲ್ಲಿ ಕೂಗಿದ್ದಕ್ಕೆ, ಮನೆಯಲ್ಲಿ ಕೂಸು ಹುಟ್ಟಿತೇನೋ ಅಂತ ಪಕ್ಕದ ಮನೆಯವರು ಸಕ್ಕರೆ ಹಿಡಿದು ಬಂದರು.

೪. ಟೀವಿ

ಬೆಳಿಗ್ಗೆ ಆಸ್ಪತ್ರೆಯಲ್ಲಿ ನರ್ಸ್ ಕೊರಳಿನ ತುಳಸಿ ಮಾಲೆ ತೆಗೆಯಿರಿ ಅಂದರೆ ಮಾಸ್ತರರು ಒಪ್ಪಲಿಲ್ಲ. ಅದನ್ನು ಹಾಕಿಕೊಂಡು ಮೀನು ಬಿಟ್ಟು ಆರು ವರ್ಷ. ಗಂಡ ಮೀನು ಬಿಟ್ಟರು ಅಂತ, ಪಾಪ, ಬಾಯಿಯೂ ತಿನ್ನೋದು ಬಿಟ್ಟಿದ್ದಳು.

ಸ್ವಲ್ಪ ಹೊತ್ತಿಗೆ ಡಾಕ್ಟರು ಬಾಯಿಯನ್ನು ಒಳಗೆ ಕರೆದರು. ತಂಗಿ ಅಂತ ಹೇಳಿಕೊಂಡು ನಾನೂ ನುಗ್ಗಿದೆ. ಟೀವಿಯಲ್ಲಿ ಮಾಸ್ತರರ ಕರುಳು! ಶಂಖದ ಒಳಮೈ ಹಾಗೆ ಗುಲಾಬಿ ಬಣ್ಣ, ಮಡಿಕೆ ಮಡಿಕೆಯಾಗಿ ಹೊಳೆಯುತ್ತಿತ್ತು. ಅಷ್ಟು ಬೈಗುಳ ಬೈಯುವ ಮನುಷ್ಯನ ಒಳಗೆ ಇಷ್ಟು ಚೆಂದವಾ! ನಾನು ಕೈಯೇ ಮುಗಿದೆ.

“ದೊಡ್ಡ ರೋಗ ಏನೂ ಇಲ್ಲ. ಇದೊಂದು ಚುಚ್ಚಿಕೊಂಡಿತ್ತು, ಅದಕ್ಕೇ ರಕ್ತ” ಅಂತ ಡಾಕ್ಟರು ಚಿಮಟದಲ್ಲಿ ಏನನ್ನೋ ಎತ್ತಿ ತೋರಿಸಿದರು. ಬಾಯಿ ಗಳಗಳ ಅತ್ತಳು. “ದೇವರು ದೊಡ್ಡವನು ಮಾವಶಿ! ಏನದು, ಕಡ್ಡಿಯಾ?”

ನಲವತ್ತು ವರ್ಷ ಮೀನು ಕೊಯ್ದವಳು ನಾನು, ಸುಳ್ಳು ಹೇಳಲಾ? “ಮುಳ್ಳು, ಬಾಯಿ. ಬಂಗಡೆ ಮೀನಿಂದು.”

ಬಾಯಿಯ ಅಳು ನಿಂತಿತು. ಮಾಸ್ತರರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಗೊಣಗಿದರು, “ಅಂಕೋಲೆಗೆ ಹೋದಾಗ... ಅಕ್ಕ ಒತ್ತಾಯ ಮಾಡಿದಳು.”

“ಎಷ್ಟು ಸಲ?” ಅಂದಳು ಬಾಯಿ.

“ಪ್ರತಿ ಶನಿವಾರ ಮಾತ್ರ.”

ಬಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

“ಮಾವಶಿ, ಸಂಜೆಗೆ ಹತ್ತು ಬಂಗಡೆ ತಾ, ದೊಡ್ಡವು. ನನಗೊಬ್ಬಳಿಗೇ. ಇವರಿಗೆ ಆ ಪುಡಿ ಇನ್ನೂ ಒಂದು ಪಾಕೀಟು ಉಳಿದಿದೆ.”