ಐದು ಮಿನಿಟಿನ ದೋಣಿ

ಬೆಚ್ಚಿ ಬೀಳುವುದು ನನ್ನ ಹುಟ್ಟುಗುಣ. ಬಾಗಿಲು ಬಡಿದುಕೊಂಡರೆ ಬೆಚ್ಚುತ್ತೇನೆ, ಟಪಾಲಿನವನು ನನ್ನ ಹೆಸರನ್ನು ಪೂರ್ತಿ ಓದಿ ಕರೆದರೆ ಬೆಚ್ಚುತ್ತೇನೆ, ಹೆಂಡತಿ ಬಹಳ ಹೊತ್ತು ಸುಮ್ಮನಿದ್ದರೆ ಎಲ್ಲಕ್ಕಿಂತ ಹೆಚ್ಚು ಬೆಚ್ಚುತ್ತೇನೆ. ಕೆಲವರು ಇಂಥದ್ದನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ನನ್ನ ಶರೀರ ಮುಚ್ಚಿಡುವಂಥದ್ದಲ್ಲ. ನಾನು ಬೆಚ್ಚಿದರೆ ನಾನು ಕುಳಿತ ಮಂಚಕ್ಕೂ ಗೊತ್ತಾಗುತ್ತದೆ. ಆದರೂ ಇವೆಲ್ಲ ಬಂದ ದಾರಿಯಲ್ಲೇ ಹೋಗುವ ಗಾಬರಿಗಳು. ಎಪ್ಪತ್ತರ ದಶಕದಲ್ಲಿ ಕೃಷ್ಣಾ ಹೊಳೆಯ ಮೇಲೆ ನನ್ನ ಎದೆ ಹೊಕ್ಕ ಗಾಬರಿಯೊಂದಿದೆ, ಅದು ಮಾತ್ರ ಇಂದಿಗೂ ಹೊರಬಿದ್ದಿಲ್ಲ. ಅದಕ್ಕೆ ಕಾರಣ ಒಂದು ಇಂಜಿನ್ ದೋಣಿ, ಒಂದು ಗಡಿಯಾರ ಮತ್ತು ನನ್ನ ಮಾವನವರ ಮರ್ಯಾದೆ.

ನಾನು ಇಂಡಿ ತಾಲೂಕಿನ ಕಡೆಯವನು. ನಮ್ಮ ಊರಲ್ಲಿ ನೀರು ಎಂದರೆ ನಲವತ್ತು ಅಡಿ ಕೆಳಗೆ ಬಾವಿಯ ತಳದಲ್ಲಿ ಕುಳಿತಿರುವ ಪದಾರ್ಥ. ಬೇಕಾದಾಗ ಹಗ್ಗ ಇಳಿಸಿ ಮೇಲಕ್ಕೆ ಕರೆಸಿಕೊಳ್ಳಬೇಕು. ಅಂಥವನನ್ನು ಓವರ್‌ಸಿಯರ್ ಮಾಡಿ, ಬಾಗೇವಾಡಿ ತಾಲೂಕಿನ ಕೊಲ್ಹಾರದ ಹತ್ತಿರ, ಅರ್ಧ ಮೈಲು ಅಗಲ ಹರಿಯುವ ಹೊಳೆಯ ದಂಡೆಗೆ ತಂದು ಬಿಟ್ಟರು. ಕೆಲಸ ಇಷ್ಟೇ: ನಡುಹೊಳೆಗೆ ಹೋಗಿ, ಒಂದು ಸಣ್ಣ ಯಂತ್ರವನ್ನು ಮುಳುಗಿಸಿ, ನೀರು ಎಷ್ಟು ಜೋರಾಗಿ ಹರಿಯುತ್ತಿದೆ ಎಂದು ಬರೆದುಕೊಂಡು ಬರುವುದು. ಮಳೆಗಾಲದಲ್ಲಿ ಅಂಬಿಗರ ಕಟ್ಟಿಗೆ ದೋಣಿಯಲ್ಲಿ ಹೊರಟರೆ ಹೊಳೆಯೇ ನಮ್ಮನ್ನು ಎತ್ತಿಕೊಂಡು ಹೋಗಿ ಎರಡು ಊರು ಆಚೆ ಇಳಿಸುತ್ತಿತ್ತು. ಅಲ್ಲಿಂದ ನಡೆದುಕೊಂಡು ಬರುವಾಗ ಸಿಗುವ ಹಳ್ಳಿಗಳಲ್ಲೆಲ್ಲ ಗಡಿಗೆ ಮೊಸರು ಮಾರುತ್ತಿದ್ದರು. ಕೊಲ್ಹಾರದ ಮೊಸರು ಗೊತ್ತಲ್ಲ, ಗಡಿಗೆ ಬೋರಲು ಹಾಕಿದರೂ ಬೀಳದ ಮೊಸರು. ಹೀಗೆ ಆರು ವರ್ಷ ನಾನು ಹೊಳೆಯನ್ನು ಅಳೆಯುತ್ತ, ಮೊಸರು ತಿನ್ನುತ್ತ ಬಂದೆ. ಆರು ವರ್ಷವೂ ಹಂಗಾಮಿ ನೌಕರ. ಮಾರ್ಚಿನಲ್ಲಿ ಕೆಲಸ ಹೋಗುತ್ತಿತ್ತು, ಏಪ್ರಿಲಿನಲ್ಲಿ ಮರಳಿ ಬರುತ್ತಿತ್ತು. ಆ ನಡುವಿನ ದಿನಗಳಲ್ಲಿ ನನ್ನ ಹೆಂಡತಿ ಗಂಗವ್ವ ಮನೆಯಲ್ಲಿ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ.

ಏಳನೆಯ ವರ್ಷದ ಬೇಸಿಗೆಯಲ್ಲಿ ಲಾರಿಯ ಮೇಲೆ ಇಂಜಿನ್ ದೋಣಿ ಬಂತು. ಬಿಳಿಯ ಬಣ್ಣದ, ಬೆರಳಲ್ಲಿ ತಟ್ಟಿದರೆ ಟಣ್ ಎನ್ನುವ ಹಗುರ ದೋಣಿ. ಹಿಂದೆ ಕಚ್ಚಿಸಲು ನಲವತ್ತು ಕುದುರೆ ಬಲದ ಪರದೇಶದ ಇಂಜಿನ್ನು. ಜೊತೆಗೇ ಜೀಪಿನಲ್ಲಿ ದೊಡ್ಡ ಸಾಹೇಬರೂ ಬಂದರು. ಅವರು ಮೈಸೂರು ಕಡೆಯವರು, ಮೆತ್ತಗೆ ಮಾತನಾಡುತ್ತಿದ್ದರು. ಮೆತ್ತಗೆ ಹೇಳಿದ ಮಾತು ಇಷ್ಟು ಹೆದರಿಸಬಲ್ಲದು ಎಂದು ನನಗೆ ಅಂದೇ ತಿಳಿದದ್ದು.

“ನೋಡಿ, ಈ ದೋಣಿ ನಮಗೆ ಕೊಡಿ ಅಂತ ಮೂರು ಕ್ಯಾಂಪಿನವರು ಕೇಳ್ತಿದ್ದಾರೆ. ಹೊಳೆ ತುಂಬಿ ಬರೋಕೆ ಮುಂಚೆ ಇನ್ನೊಂದು ಸಲ ಬರ್ತೀನಿ. ಮೇಲ್ಗಡೆ ಒಂದು ಮೈಲಿ ದೂರದಲ್ಲಿ ಕೆಂಪು ಬಾವುಟ ನೆಡಿಸ್ತೀನಿ. ಎದುರು ನೀರಿನಲ್ಲಿ ಐದು ನಿಮಿಷಕ್ಕೆ ಅಲ್ಲಿಗೆ ಮುಟ್ಟಬೇಕು. ಮುಟ್ಟಿದರೆ ದೋಣಿ ಇಲ್ಲೇ ಇರುತ್ತೆ, ನಿಮ್ಮ ಕಾಯಂ ಆರ್ಡರಿಗೂ ರುಜು ಹಾಕ್ತೀನಿ. ಇಲ್ಲದಿದ್ದರೆ ದೋಣಿ ಆ ಕಡೆ ಹೋಗುತ್ತೆ. ದೋಣಿ ಇಲ್ಲದ ಮೇಲೆ ಇಲ್ಲಿ ಕ್ಯಾಂಪ್ ಯಾಕೆ ಬೇಕು ಹೇಳಿ.”

ಜೀಪು ಹೋದದ್ದೇ ತಡ, ಇಂಜಿನ್ನು ಕಚ್ಚಿಸಿದೆವು.

ದೋಣಿ ನಡೆಸಲು ಯಮನಪ್ಪ ಇದ್ದ. ಅಂಬಿಗರವನು, ಹುಟ್ಟು ಹಾಕಿಯೇ ದೊಡ್ಡವನಾದವನು, ಜೋಳದ ದಂಟಿನಷ್ಟು ಸಪೂರ. ಹೆಸರು ಯಮನಪ್ಪ ಎಂದಿದ್ದಕ್ಕೆ ಅವನೇನೂ ಮಾಡುವಂತಿರಲಿಲ್ಲ. ಅವನು ಹಿಂದೆ ಕುಳಿತು ಇಂಜಿನ್ನಿನ ಹಿಡಿಕೆ ಹಿಡಿದ. ನಾನು ಅವನ ಮಗ್ಗುಲಲ್ಲೇ ಕುಳಿತೆ. ಯಾಕೆಂದರೆ ನನಗೆ ಈಜು ಬರುವುದಿಲ್ಲ. ತೇಲುವ ಜಾಕೀಟು ಕೊಟ್ಟಿದ್ದರು, ಅದರ ಪಟ್ಟಿ ನನ್ನ ಹೊಟ್ಟೆ ದಾಟಿ ಬರುತ್ತಿರಲಿಲ್ಲ. ಮುಳುಗುವ ಹೊತ್ತು ಬಂದರೆ ಯಮನಪ್ಪನನ್ನು ತಬ್ಬಿಕೊಳ್ಳುವುದು ಎಂದು ನಾನು ಮೊದಲೇ ನಿರ್ಧರಿಸಿದ್ದೆ, ಅವನಿಗೆ ಹೇಳಿರಲಿಲ್ಲ. ಪೆಟ್ರೋಲಿನ ಎರಡು ಡಬ್ಬಿಗಳೂ ನಮ್ಮ ಕಾಲ ಬಳಿಯೇ ಇದ್ದವು. ಇಂಜಿನ್ನು ಕೂಗಿದ ಕೂಗಿಗೆ ನಾನು ಅರ್ಧ ಅಡಿ ಮೇಲೆ ಹಾರಿದೆ, ಆದರೆ ದೋಣಿ ಹಾರಲಿಲ್ಲ. ಮೂತಿ ಆಕಾಶಕ್ಕೆ ಎತ್ತಿಕೊಂಡು, ಹಿಂದೆ ದೊಡ್ಡ ಗುಂಡಿ ತೋಡುತ್ತ, ಕೆಸರಿಂದ ಏಳುವ ಎಮ್ಮೆಯಂತೆ ಮುಂದೆ ಸಾಗಿತು. ಕೆಂಪು ಬಾವುಟ ಮುಟ್ಟಲು ಹನ್ನೊಂದೂವರೆ ಮಿನಿಟು ಹಿಡಿಯಿತು.

ಇಂಜಿನ್ನಿನ ಜೊತೆ ಒಂದು ಪುಸ್ತಿಕೆ ಬಂದಿತ್ತು. ಅದರ ಮೇಲೆ ಚಿತ್ರ: ಇಂಥದ್ದೇ ದೋಣಿ, ಅದರಲ್ಲಿ ಹಲ್ಲು ಕಾಣುವಂತೆ ನಗುವ ಗಂಡಸು, ಹೆಂಗಸು, ದೋಣಿಯ ಮೂತಿ ಸ್ವಲ್ಪ ಮೇಲೆ. ನಾನು ಆ ಚಿತ್ರವನ್ನು ಎರಡು ದಿನ ನೋಡಿದೆ. ಮೂತಿ ಮೇಲಿದ್ದರೆ ವೇಗ, ಇನ್ನೂ ಮೇಲಿದ್ದರೆ ಇನ್ನೂ ವೇಗ ಎಂಬ ಸತ್ಯ ನನಗೆ ಹೊಳೆಯಿತು. ಡಿಪ್ಲೊಮಾ ಮಾಡಿದ ತಲೆ ನೋಡಿ. ಮುಂದೆ ಇದ್ದ ಲಂಗರನ್ನೂ ಅದರ ಸರಪಳಿಯನ್ನೂ ಹೊತ್ತು ತಂದು ಹಿಂದೆ ಹಾಕಿದೆ. ದೋಣಿ ಈಗ ಹೆಚ್ಚು ಕಡಿಮೆ ನೆಟ್ಟಗೆ ನಿಂತೇ ಹೋಗತೊಡಗಿತು. ಹನ್ನೆರಡು ಮಿನಿಟು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಇಂಜಿನ್ನು ಡೊಂಕು ಎಂದೆ. ಬಾಗೇವಾಡಿಯಿಂದ ಪಂಪ್‌ಸೆಟ್ ರಿಪೇರಿಯ ಮೌಲಾಸಾಬರನ್ನು ಕರೆಸಿದೆ. ಅವರು ಇಂಜಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಇಂಜಿನ್ ಅಂದ್ರ ಇಂಜಿನ್ನರಿ ಸಾಹೇಬ್ರ. ಬಾವಿ ನೀರು ಎತ್ತಿದ್ರೇನು, ಹೊಳಿ ನೀರು ತಳ್ಳಿದ್ರೇನು” ಎಂದು ಕೆಲಸಕ್ಕೆ ಕುಳಿತರು. ಪ್ಲಗ್ಗು ಬಿಚ್ಚಿ ಉಜ್ಜಿದರು, ಕಾರ್ಬೊರೇಟರಿನ ಸಣ್ಣ ತೂತುಗಳನ್ನು ಊದಿ ಊದಿ ತೊಳೆದರು, ದೋಣಿಯನ್ನು ತಳ್ಳುವ, ಹೊಳೆಯ ಕಲ್ಲಿಗೆ ತಾಗಿ ಮುಕ್ಕಾಗಿದ್ದ ಪಂಖದ ಅಂಚುಗಳನ್ನು ಅರ ಹಾಕಿ ನುಣುಪು ಮಾಡಿದರು. ಇಂಜಿನ್ನನ್ನು ಬಾಗಿಸಿ ನಿಲ್ಲಿಸಲು ಒಂದು ಮೊಳೆ ಇತ್ತು. ಅದನ್ನು ಒಂದು ತೂತು ಹಿಂದೆ, ಒಂದು ತೂತು ಮುಂದೆ ಹಾಕಿ ನೋಡಿದರು. ಪೆಟ್ರೋಲಿಗೆ ಬೆರೆಸುವ ಎಣ್ಣೆಯನ್ನು ತಮ್ಮ ಲೆಕ್ಕದಲ್ಲಿ ಜಾಸ್ತಿ ಮಾಡಿದಾಗ ಮಾತ್ರ ಹೊಳೆಯ ಆಚೆ ದಂಡೆಯೇ ಕಾಣದಷ್ಟು ಹೊಗೆ ಎದ್ದಿತು. ಕೊನೆಗೆ ಇಂಜಿನ್ನು ಗಡಿಯಾರದ ಹಾಗೆ ನಡೆಯಿತು. ದೋಣಿ ಮಾತ್ರ ಹನ್ನೊಂದು ಮಿನಿಟಿಗೆ ಬಂದು ನಿಂತಿತು. ಮೌಲಾಸಾಬರು ಕೈ ಒರೆಸಿಕೊಂಡು, “ಇಂಜಿನ್ನಿನ ತಪ್ಪೇನೂ ಇಲ್ಲರಿ” ಎಂದು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆ ನೋಟದ ಅರ್ಥ ನನಗೆ ಆಗಲಿಲ್ಲ.

ಆಮೇಲೆ ದೋಣಿಯ ತಳಕ್ಕೆ ಹತ್ತಿದ ಪಾಚಿ ಕೆರೆದೆ. ನುಣುಪಾಗಲಿ ಎಂದು ಅಡುಗೆಮನೆಯ ಕುಸುಬಿ ಎಣ್ಣೆ ಸವರಿದೆ. ಗಂಗವ್ವ ದಂಡೆಗೇ ಬಂದು ನಿಂತು, “ಮನ್ಯಾಗ ಒಗ್ಗರಣಿಗೆ ಎಣ್ಣಿ ಇಲ್ಲ, ಇಲ್ಲಿ ದೋಣಿಗೆ ಎಣ್ಣಿ ಸ್ನಾನ ನಡದೈತಿ” ಎಂದಳು. ಮೀನುಗಳಿಗೆ ಆ ಎಣ್ಣೆ ಬಹಳ ಹಿಡಿಸಿತು. ವೇಗ ಅಷ್ಟೇ ಉಳಿಯಿತು.

ಇಂಥ ಹೊತ್ತಿನಲ್ಲಿ ಸಿಂದಗಿಯ ಹತ್ತಿರದ ಹಳ್ಳಿಯಿಂದ ನನ್ನ ಮಾವನವರು ಬಂದರು, ಮಗಳನ್ನು ನೋಡಿಹೋಗಲು. ಹುಟ್ಟಿದಾಗಿನಿಂದ ಬಂಡಿ ಹೂಡಿದವರು; ಹೊಲದ ಕಲ್ಲು, ಕಬ್ಬಿಣ, ಜೋಳದ ಚೀಲ, ಏನು ಹೇರಿದರೂ ಎತ್ತಿನ ಕೊರಳಿಗೆ ನೋವಾಗದ ಹಾಗೆ ಹೇರುವವರು ಎಂದು ಆ ಕಡೆ ಹೆಸರು. ಅವರು ದಂಡೆಯ ಜಾಲಿಗಿಡದ ಕೆಳಗೆ ಕುಳಿತು ನಾಲ್ಕು ದಿನ ನಮ್ಮ ದೋಣಿಯನ್ನು ನೋಡಿದರು. ಮೊದಲ ದಿನವೇ ಅವರಿಗೆ ಎಲ್ಲ ತಿಳಿದುಹೋಗಿತ್ತಂತೆ. ಆದರೆ ಹೇಳುವುದು ಹೇಗೆ? ನಮ್ಮ ಕಡೆ ಅಳಿಯನೆಂದರೆ ಅರ್ಧ ದೇವರು. ಮುಖ ನೋಡಿ ತಪ್ಪು ತೋರಿಸುವ ಪದ್ಧತಿ ಇಲ್ಲ. ಅದರಲ್ಲೂ ಈ ತಪ್ಪು ಎಂಥದ್ದು! ಹೀಗಾಗಿ ಅವರು ಸುತ್ತಿ ಬಳಸಿ ಮಾತನಾಡಿದರು. ಒಂದು ದಿನ ನಾಯಿಗೆ ರೊಟ್ಟಿ ಹಾಕುತ್ತ, “ಹಿಂದ ಭಾರಾದ್ರ ನೊಗಾ ಮ್ಯಾಲ ಏಳತೈತಿ” ಎಂದರು. ನಾಯಿಗೆ ಹೇಳಿದರು ಎಂದುಕೊಂಡೆ. ಮರುದಿನ ಮಗಳಿಗೆ, “ನಿನ್ನ ಗಂಡಗ ಊಟಕ್ಕ ಮೊಸರು ಕಡಿಮಿ ಹಾಕವ್ವ” ಎಂದರು. ಗಂಗವ್ವ ಅದನ್ನು ನೆಗಡಿಯ ಮಾತೆಂದು ತಿಳಿದು ನನಗೆ ಕಷಾಯ ಕುಡಿಸಿದಳು. ಮರ್ಯಾದೆಯಲ್ಲಿ ನಾಲ್ಕು ದಿನ ಹೋಯಿತು.

ಐದನೆಯ ದಿನ ಸಾಹೇಬರ ಜೀಪು ಬಂತು. ಅವರು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ದಂಡೆಯ ಮೇಲೆ ನಿಂತರು, ಕಂಕುಳಲ್ಲಿ ನನ್ನ ಕಾಯಂ ಆರ್ಡರಿನ ಫೈಲು. ಗಂಗವ್ವ ಸೆರಗು ಬಿಗಿದು ದಂಡೆಯ ಮೇಲಿನ ನಮ್ಮ ಮನೆಯ ಬಾಗಿಲಲ್ಲಿ ನಿಂತಳು. ನಾನೂ ಯಮನಪ್ಪನೂ ಹೊರಟೆವು. ಅದೇ ಮೂತಿ, ಅದೇ ಆಕಾಶ, ಅದೇ ಎಮ್ಮೆ. ಬಾವುಟ ಮುಟ್ಟಿದಾಗ ಅಲ್ಲಿ ನಿಲ್ಲಿಸಿದ್ದ ನಮ್ಮ ಆಳು ಗುರುತಿಗೆ ಟಾವೆಲ್ ಬೀಸಿದ. ತಿರುಗಿ ಬಂದಾಗ ಸಾಹೇಬರು ಗಡಿಯಾರವನ್ನು ಕೈಗೆ ಕಟ್ಟಿಕೊಳ್ಳುತ್ತಿದ್ದರು. “ಹನ್ನೊಂದು ನಿಮಿಷ ಆಯ್ತು. ಏನು ಮಾಡೋದು, ನಿಮ್ಮ ಪ್ರಯತ್ನ ನೀವು ಮಾಡಿದ್ರಿ” ಎಂದು ಮೆತ್ತಗೆ ಹೇಳಿ ಜೀಪಿನ ಕಡೆ ತಿರುಗಿದರು. ಬಾಗಿಲಲ್ಲಿ ಗಂಗವ್ವ ಕೂತುಬಿಟ್ಟದ್ದು ಕಾಣಿಸಿತು. ಆರು ಮಾರ್ಚ್ ತಿಂಗಳು ಅವಳು ನುಂಗಿಕೊಂಡದ್ದು ಒಮ್ಮೆಲೇ ನನ್ನ ಕಣ್ಣ ಮುಂದೆ ಬಂತು.

ಜಾಲಿಗಿಡದ ಕೆಳಗಿನಿಂದ ಮಾವನವರು ಎದ್ದರು. ರುಮಾಲು ಸರಿಮಾಡಿಕೊಂಡು, ನನ್ನ ಕಡೆ ನೋಡದೆ, ಸಾಹೇಬರ ಮುಂದೆ ಬಂದು ಕೈ ಮುಗಿದರು.

“ಸಾಹೇಬ್ರ, ಸಿಟ್ಟಿಗೇಳಬ್ಯಾಡ್ರಿ. ಇಂಜಿನ್ನಿಗೇನೂ ಆಗಿಲ್ಲ. ಬಂಡಿ ಹಿಂದ ಭಾರಾದ್ರ ನೊಗಾ ಮ್ಯಾಲೆದ್ದು ಎತ್ತಿನ ಗಂಟಲಾ ಹಿಸುಕತೈತ್ರಿ, ಎತ್ತು ಜಗ್ಗಾಕ ಬರೂದಿಲ್ಲ. ನಮ್ಮ ಅಳ್ಯಾರು ಕುಂತ ಜಾಗಾ ತಪ್ಪೈತಿ. ಅವರನ್ನ ಮೂತಿ ಮ್ಯಾಲ ಕುಂಡ್ರಸ್ರಿ. ಒಮ್ಮಿ ನೋಡ್ರಿ, ಆಮ್ಯಾಲ ಬೇಕಾದ್ರ ಹೋಗ್ರಿ.”

ಸಾಹೇಬರು ದೋಣಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ದೋಣಿಯನ್ನು ನೋಡಿದರು. “ನಿಮ್ಮ ತೂಕ ಎಷ್ಟ್ರೀ?” ಎಂದು ಕೇಳಿದರು. ಹತ್ತು ಜನರ ನಡುವೆ ಕೇಳುವ ಪ್ರಶ್ನೆಯೇ ಇದು? ನಾನು ಕೊನೆಯ ಸಲ ತೂಗಿಸಿಕೊಂಡದ್ದು ತಾಳಿಕೋಟೆಯ ಅಡತಿ ಅಂಗಡಿಯಲ್ಲಿ, ತಮಾಷೆಗೆ. ಆ ಕಡೆ ತಕ್ಕಡಿಯಲ್ಲಿ ಒಂದು ಚೀಲ ಜೋಳ ಇಟ್ಟಿದ್ದರು, ಜೋಳ ಮೇಲೆದ್ದಿತ್ತು. ಅದನ್ನೇ ಹೇಳಿದೆ. ಯಮನಪ್ಪ ಹೊಳೆಯ ಕಡೆ ಮುಖ ತಿರುಗಿಸಿಕೊಂಡ. ಮೂರು ವಾರ ಪ್ಲಗ್ಗು ಉಜ್ಜಿಸಿದೆ, ಪಂಖಕ್ಕೆ ಅರ ಹಾಕಿಸಿದೆ, ಎಣ್ಣೆ ಸವರಿದೆ. ದೋಣಿಯ ಹಿಂದೆ ಕಟ್ಟಿದ ಗುಂಡುಕಲ್ಲು ನಾನೇ ಎಂದು ನನಗೆ ಹೊಳೆದಿರಲಿಲ್ಲ. ನಾನು ಆ ದಿನ ಬೆಚ್ಚಿದ್ದರಲ್ಲಿ ಇದು ಮೊದಲನೆಯದು, ಅಷ್ಟೇನೂ ದೊಡ್ಡದಲ್ಲ.

ಡಬ್ಬಿಗಳನ್ನು, ಲಂಗರನ್ನು ನಡುವಿಗೆ ತಂದರು. ನನ್ನನ್ನು ತೀರ ಮುಂದೆ ಕೂರಿಸಿದರು. ತಬ್ಬಿಕೊಳ್ಳಬೇಕಾದ ಯಮನಪ್ಪ ಹನ್ನೆರಡು ಅಡಿ ಹಿಂದೆ ಉಳಿದ. ಹಿಡಿಯಲು ಒಂದು ಕಬ್ಬಿಣದ ಬಳೆ ಇತ್ತು. ಇಂಜಿನ್ನು ಕೂಗಿತು, ಮೂತಿ ಒಂದು ಗಳಿಗೆ ಎದ್ದಿತು, ಆಮೇಲೆ ತಣ್ಣಗೆ ಕೆಳಗಿಳಿಯಿತು. ಇಳಿದದ್ದೇ ತಡ, ದೋಣಿ ನೀರಿನೊಳಗಿಂದ ಎದ್ದು ನೀರಿನ ಬೆನ್ನ ಮೇಲೆ ಹತ್ತಿಬಿಟ್ಟಿತು. ನೀರು ಮೆತ್ತಗಿರುತ್ತದೆ ಎಂದು ಹೇಳಿದವರು ಯಾರೋ! ಕಲ್ಲು ಹಾಸಿದ ರಸ್ತೆಯಲ್ಲಿ ಖಾಲಿ ಬಂಡಿ ಓಡಿದ ಹಾಗೆ ಕೆಳಗೆ ಟಪಟಪ ಬಡಿಯುತ್ತಿತ್ತು. ಟೋಪಿ ಹೋಯಿತು. ದಂಡೆಯ ಗಿಡಗಳು ಹಿಂದಕ್ಕೆ ಓಡುತ್ತಿದ್ದವು. ನಾನು ಬಾಯಿ ತೆರೆದೆ. ಅದರಿಂದ ಸಿದ್ಧೇಶ್ವರನಿಂದ ಹಿಡಿದು ನಮ್ಮ ಮನೆದೇವರವರೆಗೆ ಎಲ್ಲರ ಹೆಸರೂ ಒಂದೇ ಉಸಿರಿನಲ್ಲಿ, ಒಂದೇ ಸ್ವರದಲ್ಲಿ ಹೊರಬಂದವು. ಕೆಂಪಗೆ ಏನೋ ಪಕ್ಕದಲ್ಲಿ ಹಾದುಹೋಯಿತು. ಅದು ಬಾವುಟ ಎಂದು ತಿಳಿದು, “ನಿಲ್ಲಸೋ ಯಮನಪ್ಪ” ಎಂದು ಅರಚಿದೆ. ಅವನೂ ಹೆದರಿದ್ದನೋ ಏನೋ, ಒಮ್ಮೆಲೇ ವೇಗ ಕಳೆದುಬಿಟ್ಟ. ದೋಣಿ ದೊಪ್ಪನೆ ಕುಸಿಯಿತು, ನಾವು ಎಬ್ಬಿಸಿದ ತೆರೆಯೇ ಹಿಂದಿನಿಂದ ಬಂದು ಯಮನಪ್ಪನ ಸೊಂಟದವರೆಗೆ ತುಂಬಿತು. ವೇಗವನ್ನು ಹೆಚ್ಚಿಸುವುದು ಮಾತ್ರವಲ್ಲ, ಇಳಿಸುವುದನ್ನೂ ನಿಧಾನವಾಗಿ ಕಲಿಯಬೇಕು ಎಂದು ಪುಸ್ತಿಕೆಯ ಹದಿನಾಲ್ಕನೆಯ ಪುಟದಲ್ಲಿತ್ತು. ನಾನು ಚಿತ್ರ ಮಾತ್ರ ನೋಡಿದ್ದೆ.

ಒಂದು ಖಾಲಿ ಡಬ್ಬಿಯಿಂದ ನೀರು ಗೋರಿ ಹಾಕಿ, ಅಗಲವಾಗಿ ತಿರುಗಿ, ಮೆಲ್ಲಗೆ ದಂಡೆಗೆ ಬಂದೆವು. “ಮೂರು ನಿಮಿಷ ನಲವತ್ತು ಸೆಕೆಂಡು” ಎಂದರು ಸಾಹೇಬರು. ಅವರ ದನಿ ಮೊದಲ ಸಲ ಏರಿತ್ತು. “ಅಲ್ಲಾ, ಇದಕ್ಕೆ ಸೈರನ್ನೂ ಕೊಟ್ಟಿದ್ದಾರಾ? ಇಲ್ಲಿ ತನಕ ಕೇಳಿಸ್ತಿತ್ತು.” ಯಮನಪ್ಪ ಓರೆಗಣ್ಣಿನಿಂದ ನನ್ನ ಕಡೆ ನೋಡಿದ. ಜೀಪಿನ ಬಾನೆಟ್ಟಿನ ಮೇಲೆ ಫೈಲು ಇಟ್ಟು ರುಜು ಹಾಕಿದರು. ಗಂಗವ್ವ ನೆರೆಹೊರೆಗೆ ಸಕ್ಕರೆ ಹಂಚಿದಳು, ಹಂಚುತ್ತ ಗಟ್ಟಿಯಾಗಿ ಮಾತನಾಡಿದಳು. ಮಾವನವರು ಮಾತ್ರ ಸಂಜೆಯವರೆಗೂ ನನ್ನೆದುರು ಬರಲಿಲ್ಲ. ಬಂದಾಗ ನೆಲ ನೋಡುತ್ತ, “ನಾಕು ಮಂದ್ಯಾಗ ಅಂದ್ನಿ, ತಪ್ಪಾತ್ರಿ” ಎಂದರು. ನನಗೆ ಅಳು ಬಂತು, ಅವರ ಕಾಲು ಮುಟ್ಟಿದೆ.

ಆ ಮಳೆಗಾಲವೆಲ್ಲ ನಾನು ಕಾಯಂ ನೌಕರನಾಗಿ ದೋಣಿಯ ಮೂತಿಯ ಮೇಲೆ ಕುಳಿತೆ. ಕೆಂಪು ಹೊಳೆ ತುಂಬಿ ಬಂದರೂ ನಡುನೀರಿಗೆ ಹೋಗಿ ಅಳೆದು ಬಂದೆವು. ಮೈಯಲ್ಲಿ ನಡುಕ ನಿಲ್ಲದಿದ್ದರೂ ಮನಸ್ಸಿನಲ್ಲಿ ಒಂದು ಹಮ್ಮು ಬೆಳೆಯಿತು: ನಾನಿಲ್ಲದೆ ಈ ದೋಣಿ ಓಡುವುದಿಲ್ಲ. ಶ್ರಾವಣದಲ್ಲಿ ಇಂಡಿಯ ಮನೆಯ ಮಣ್ಣಿನ ಗೋಡೆ ಮಳೆಗೆ ಬಿತ್ತು. ಎಂಟು ದಿನ ರಜೆ ಹಾಕಿ ಹೋದೆ. ಬದಲಿಗೆ ಮುದ್ದೇಬಿಹಾಳದಿಂದ ಒಬ್ಬ ಓವರ್‌ಸಿಯರ್ ಬಂದರು, ಗಾಳಿ ಬಂದರೆ ಗೋಡೆ ಹಿಡಿದು ನಿಲ್ಲುವಂಥ ಮನುಷ್ಯ. ಪಾಪ, ಇವರಿಂದ ಏನಾದೀತು ಎಂದು ಇಂಡಿಯಲ್ಲಿ ಮಣ್ಣು ತುಳಿಸುತ್ತಲೂ ನಾನು ಮರುಗಿದೆ.

ತಿರುಗಿ ಬಂದವನೇ ಯಮನಪ್ಪನನ್ನು ಕೇಳಿದೆ, “ಹ್ಯಾಂಗೋ, ದೋಣಿ ಕಟ್ಟಿಹಾಕಿದ್ರೇನು?”

“ಯಾಕ್ರಿ ಸಾಹೇಬ್ರ, ದಿನಾ ಓಡಸೇವ್ರಿ. ನಿಮ್ಮ ಜಾಗಾಕ ಎರಡು ಚೀಲಾ ಉಸುಕು ಇಟ್ಟಿದ್ವಿ. ಭಾಳ ಚಲೋ ಆತ್ರಿ. ಚೀಲಾ ಅಳ್ಳಾಡೂದಿಲ್ಲ, ಒದರೂದಿಲ್ಲ.”

ದೋಣಿಯ ದಿನಚರಿ ಪುಸ್ತಕ ತೆಗೆದು ನೋಡಿದೆ. ‘ದೋಣಿಯಲ್ಲಿದ್ದವರು’ ಎಂಬುದರ ಕೆಳಗೆ ಎಂಟು ದಿನವೂ ಬದಲಿ ಓವರ್‌ಸಿಯರರ ದುಂಡಗಿನ ಅಕ್ಷರ: ‘ಯಮನಪ್ಪ, ನಾನು, ಉಸುಕಿನ ಚೀಲ ಎರಡು.’ ಬಾವುಟಕ್ಕೆ ಮೂರು ಮಿನಿಟು ಹತ್ತು ಸೆಕೆಂಡು. ಆ ವಾರವೇ ಸಾಹೇಬರು ತಪಾಸಣೆಗೆ ಬಂದು ಹೋಗಿದ್ದರು. ಕೊನೆಯಲ್ಲಿ ‘ಕೆಲಸ ಬಹಳ ತೃಪ್ತಿಕರ’ ಎಂದು ಬರೆದು ರುಜು ಹಾಕಿದ್ದರು. ನಾನು ಒಳಗಿಂದ ನನ್ನ ಕಾಯಂ ಆರ್ಡರನ್ನು ತಂದು ಪಕ್ಕದಲ್ಲಿಟ್ಟು ನೋಡಿದೆ. ಅದೇ ರುಜು, ಚೀಲಗಳಿಗೆ ಹಾಕಿದ್ದು ಸ್ವಲ್ಪ ಹೆಚ್ಚು ಸ್ಪಷ್ಟವಾಗಿತ್ತು.