ಖಡಕ್ ರೊಟ್ಟಿಗೊಂದು ಡೀಬಗರ್

ನನ್ನಿಂದ ಜಗತ್ತಿಗೆ ಒಂದು ಉಪಕಾರ ಆಗಲೇಬೇಕೆಂದು ಆ ಬುಧವಾರ ಚಹಾ ಕುಡಿಯುತ್ತಲೇ ತೀರ್ಮಾನಿಸಿಬಿಟ್ಟೆ! ವಿಜಯಪುರದ ಪಾಲಿಟೆಕ್ನಿಕ್ ಒಂದರಲ್ಲಿ ಹುಡುಗರಿಗೆ ಬೆಸುಗೆ ಹಾಕುವುದನ್ನು ಕಲಿಸುವವನಿಗೆ ಇಂಥ ಅವಕಾಶ ಪದೇ ಪದೇ ಬರುತ್ತದೆಯೇ?

ಅವಕಾಶ ಒದಗಿಸಿದ್ದು ಹೆಂಡತಿ ಸೌಭಾಗ್ಯಳ ರೊಟ್ಟಿ ಯಂತ್ರ. ಅದರ ಕಾವು ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಚಿಪ್ಪು ತನ್ನ ಪ್ರೋಗ್ರಾಮನ್ನೇ ಮರೆತು ಕೂತಿತ್ತು. ಅದನ್ನು ಮತ್ತೆ ತುಂಬಲೆಂದು ಡೀಬಗರ್ ಎಂಬ ಯುಎಸ್‌ಬಿ ಡಬ್ಬಿ ತರಿಸಿದೆ. ಆದರೆ ಚಿಪ್ಪಿಗೆ ಪ್ರೋಗ್ರಾಮು ತುಂಬುವ ಓಪನ್ ಸೋರ್ಸ್ ಸಾಫ್ಟ್‌ವೇರು ಆ ಡಬ್ಬಿಯ ಗುರುತೇ ಇಲ್ಲವೆಂದಿತು. ಓಪನ್ ಸೋರ್ಸ್ ಎಂದರೆ ಊರ ಬಾವಿ, ಯಾರು ಬೇಕಾದರೂ ಇಳಿದು ಹೂಳೆತ್ತಬಹುದು. ಸರಿ, ಆ ಗುರುತನ್ನು ನಾನೇ ಸೇರಿಸುತ್ತೇನೆ, ಲೋಕವೆಲ್ಲ ಬಳಸಲಿ!

"ಬಜಾರದಾಗ ಮೆಕ್ಯಾನಿಕ್ ಅದಾನಲ್ರಿ, ಅವನ ಕಡಿ ಒಯ್ರಿ," ಅಂದಳು ಸೌಭಾಗ್ಯ.

"ಅಂವ ಒಂದ ಯಂತ್ರ ರಿಪೇರಿ ಮಾಡ್ತಾನ. ನಾ ಜಗತ್ತಿನ ಕೆಲಸ ಮಾಡಾಂವ!"

"ಜಗತ್ತು ತಡೀತೈತ್ರಿ. ಸೊಲ್ಲಾಪುರದ ಆರ್ಡರ್ ತಡಿಯೂದಿಲ್ಲ."

ಅದು ಹೊರ ಊರಿನಿಂದ ಅವಳಿಗೆ ಬಂದ ಮೊದಲ ಆರ್ಡರ್. ಅಲ್ಲಿನ ಅಂಗಡಿಕಾರ ಶಿವಾಜಿ ಶನಿವಾರ ಸಂಜೆಯ ಬಸ್ಸಿಗೇ ರೊಟ್ಟಿ ಬೇಕೆಂದಿದ್ದ. 'ಸೌಭಾಗ್ಯ ಖಡಕ್ ರೊಟ್ಟಿ, ವಿಜಯಪುರ' ಎಂದು ಅಂಟುಚೀಟಿ ಮುದ್ರಿಸಲು ಅವಳು ಪುಟ್ಟ ಪ್ರಿಂಟರ್ ಕೊಂಡಿದ್ದಳು. ಅಚ್ಚಾಗಿ ಬಂದ ಮೊದಲ ಚೀಟಿಯನ್ನು ಹಿಟ್ಟಿನ ಡಬ್ಬಿಗೆ ಅಂಟಿಸಿ, ಹೋಗುತ್ತ ಬರುತ್ತ ನೋಡಿಕೊಳ್ಳುತ್ತಿದ್ದಳು.

ಶುಕ್ರವಾರ ಬಂದರೂ ಯಂತ್ರ ಏಳಲಿಲ್ಲ. ಸೌಭಾಗ್ಯ ಸಾರವಾಡದಿಂದ, ರೊಟ್ಟಿ ಬಡಿಯುವುದರಲ್ಲಿ ಪಳಗಿದ ಮುರಿಗೆವ್ವನನ್ನು ಕರೆಸಿಕೊಂಡಳು. ಅವರಿಬ್ಬರೂ ಒಳಗೆ ಪಟಪಟ ರೊಟ್ಟಿ ಬಡಿದರು, ನಾನು ಹೊರಗೆ ಟಕಟಕ ಕೀಬೋರ್ಡು ಬಡಿದೆ. ಶನಿವಾರ ಮಧ್ಯಾಹ್ನಕ್ಕೆ ಅವರ ರೊಟ್ಟಿಯೂ ಮುಗಿಯಿತು, ನನ್ನ ಕೋಡೂ ಮುಗಿಯಿತು! ಡೀಬಗರ್ ಡಬ್ಬಿಯ ಗುರುತಿನ ಸಂಖ್ಯೆಯೊಂದೇ ಬಾಕಿ. ಅದೇನು ದೊಡ್ಡ ಕೆಲಸವಲ್ಲ. ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಚುಚ್ಚಿದಾಗ ಪರದೆಯ ಮೇಲೆ ಹೊಸದಾಗಿ ಮೂಡುವ ಸಂಖ್ಯೆಯೇ ಅದರದು.

ಚುಚ್ಚಿದೆ. ಅದೇ ಗಳಿಗೆಯಲ್ಲಿ, ಬೆಳಗಿನಿಂದ ಹೋಗಿದ್ದ ಕರೆಂಟು ಬಂತು! ಅದೇ ಲ್ಯಾಪ್‌ಟಾಪಿಗೆ ಜೋಡಿಸಿದ್ದ ಚೀಟಿ ಪ್ರಿಂಟರ್ ಕೂಡ ಎದ್ದು ಕೂತಿತು. ಪರದೆಯಲ್ಲಿ ಎಲ್ಲಕ್ಕೂ ಕೊನೆಗೆ ಮೂಡಿದ ಸಂಖ್ಯೆ ಯಾರದೆಂದು ವಿಚಾರಿಸುವ ವ್ಯವಧಾನ ಲೋಕೋದ್ಧಾರಕರಿಗೆ ಎಲ್ಲಿಂದ ಬರಬೇಕು? ಅದನ್ನೇ ಸೇರಿಸಿದೆ. ಕೋಡಿನಲ್ಲಿ, ಎದುರಿನ ಸಾಧನ ಉತ್ತರ ಕೊಡುವವರೆಗೆ ಕಾಯಬೇಕೆಂಬ ಸಾಲೊಂದಿತ್ತು. ತಡವಾಗುತ್ತದೆಂದು ಅದನ್ನೂ ಕಿತ್ತುಹಾಕಿದೆ. ಗುಂಡಿ ಒತ್ತಿದೆ. ಪ್ರೋಗ್ರಾಮು ಹೊರಟಿತೆಂದು ಪರದೆ ಹೇಳಿತು.

"ಸೌಭಾಗ್ಯಾ, ಗೆದ್ದೆ!"

"ಗೆದ್ರಿ ಖರೆ, ಈ ಪ್ರಿಂಟರ್ ಯಾಕ ಹಿಂಗ ಕಾರಾಕತ್ತೈತಿ?"

ತಿರುಗಿ ನೋಡಿದರೆ ಚೀಟಿಗಳ ಮಹಾಪೂರ! ಒಂದೊಂದರ ಮೇಲೂ ಚೌಕ, ಗೀಟು, ಪ್ರಶ್ನೆಯ ಚಿಹ್ನೆ. ಯಂತ್ರದ ಹೊಟ್ಟೆ ಸೇರಬೇಕಿದ್ದ ಪ್ರೋಗ್ರಾಮೆಲ್ಲ ಚೀಟಿಯ ಮೇಲೆ ಹರಿಯುತ್ತಿತ್ತು. ನಾನು ವೈರು ಕೀಳುವಷ್ಟರಲ್ಲಿ ಸುರುಳಿ ಖಾಲಿ.

"ಯಪ್ಪಾ, ಇದು ಯಾವ ದೇಶದ ಭಾಷಾನೋ ತಮ್ಮಾ?" ಅಂದಳು ಮುರಿಗೆವ್ವ.

ಸೌಭಾಗ್ಯ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಒಂದು ಚೀಟಿ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ, "ಇದ್ರಾಗ ನನ್ನ ಹೆಸರ ಎಲ್ಲೈತ್ರಿ?" ಎಂದಳು.

ಇನ್ನೊಂದು ಸುರುಳಿ ತರಿಸುವಷ್ಟು ಹೊತ್ತಿರಲಿಲ್ಲ. ಬಿಳಿ ಹಾಳೆ, ಕತ್ತರಿ, ಅಂಟು ಹಿಡಿದು ನೆಲದ ಮೇಲೆ ಕೂತೆ. ಸೌಭಾಗ್ಯ ಖಡಕ್ ರೊಟ್ಟಿ... ಸೌಭಾಗ್ಯ ಖಡಕ್ ರೊಟ್ಟಿ... ಬೆರಳು ನೊಂದರೂ ಬರೆದೆ. ಮೊದಮೊದಲು ಅವಸರದಲ್ಲಿ ಗೀಚಿದೆ. ಆಮೇಲೆ ಯಾಕೋ ಆ ಹೆಸರನ್ನು ದುಂಡಗೆ ಬರೆಯಬೇಕೆನಿಸಿತು.

ಪಕ್ಕದಲ್ಲಿ ಅಂಟು ಹಚ್ಚುತ್ತಿದ್ದ ಸೌಭಾಗ್ಯ ಓರೆಗಣ್ಣಲ್ಲಿ ನೋಡಿದಳು. "ನೋಡಬೇ ಮುರಿಗೆವ್ವ, ಲಗ್ನದಾಗ ಪ್ರಾಸ ಕೂಡಿಸಿ ಒಡಪು ಹಾಕಿ ನನ್ನ ಹೆಸರ ಹೇಳ್ರಿ ಅಂದ್ರ ನಾಚಿ ಓಡಿ ಹೋಗಿದ್ರು ಇವ್ರು!"

"ಹಂಗಾರ ಈಗರ ಹಾಕ್ಲಿ. ಹಾಕೋ ತಮ್ಮಾ!"

ತಪ್ಪು ಮಾಡಿದವನಿಗೆ ನಾಚಿಕೆ ಎಲ್ಲಿಯದು? ಗಂಟಲು ಸರಿಮಾಡಿಕೊಂಡೆ. "ಖಡಕ್ ರೊಟ್ಟಿಗಿ ಬೇಕ ಶೇಂಗಾದ ಹಿಂಡಿ, ಸೌಭಾಗ್ಯ ಇದ್ರ ನಡೀತೈತಿ ನನ್ನ ಸಂಸಾರದ ಬಂಡಿ!"

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು. ರೊಟ್ಟಿಗೆ ಬಸ್ಸೂ ಸಿಕ್ಕಿತು.

ಮರುದಿನ ಸರಿಯಾದ ಸಂಖ್ಯೆ ಹಾಕಿ, ಕಿತ್ತ ಸಾಲನ್ನು ಮರಳಿ ಕೂಡಿಸಿದೆ. ಯಂತ್ರ ಎದ್ದಿತು! ಕೋಡನ್ನು ಸಾಫ್ಟ್‌ವೇರಿನವರಿಗೆ ಕಳಿಸಿದೆ. ಅವರು ನಾಲ್ಕೇ ದಿನದಲ್ಲಿ ಒಪ್ಪಿ ಸೇರಿಸಿಕೊಂಡೂಬಿಟ್ಟರು! ಎದೆಯುಬ್ಬಿಸಿ ಅಡುಗೆಮನೆಗೆ ನುಗ್ಗಿದೆ.

"ನನ್ನ ಕೆಲಸ ಜಗತ್ತು ಒಪ್ಪೈತಿ! ನಿನ್ನ ಯಂತ್ರನೂ ರೆಡಿ ಐತಿ!"

ಅವಳು ಸುಮ್ಮನಿರುವಂತೆ ಕೈಸನ್ನೆ ಮಾಡಿದಳು. ಫೋನಿನಲ್ಲಿ ಸೊಲ್ಲಾಪುರದ ಶಿವಾಜಿ ಮಾತಾಡುತ್ತಿದ್ದ.

"ವೈನಿ, ರೊಟ್ಟಿ ಎಲ್ಲಾ ಖಲಾಸ್! ಕೈಲೆ ಬರದ ಚೀಟಿ ನೋಡಿದ್ರ ಮಂದಿಗಿ ಇದು ಮನೀ ರೊಟ್ಟಿ ಅಂತ ನಂಬಿಗಿ ಬರ್ತೈತ್ರಿ. ಮುಂದಿನ ವಾರ ಡಬಲ್ ಕಳಸ್ರಿ. ರೊಟ್ಟಿನೂ ಕೈಲೆ ಬಡದದ್ದ ಬೇಕು, ಚೀಟಿನೂ ಕೈಲೆ ಬರದದ್ದ ಬೇಕು!"

ಫೋನಿಟ್ಟ ಸೌಭಾಗ್ಯ, ಮಿಣಿಮಿಣಿ ದೀಪ ಉರಿಸುತ್ತ ನಿಂತಿದ್ದ ಯಂತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಅದನ್ನ ಸ್ವಲ್ಪ ಆ ಮೂಲಿಗಿ ಸರಸ್ರಿ."

"ಯಾಕ?"

"ಮತ್ತ, ನೀವು ಕುಂತು ಬರಿಯಾಕ ಜಾಗಾ ಬೇಡೇನ್ರಿ?"