ರಾಣಿಯ ಕಾರ್ಡಿನೊಳಗೆ ಮಗಳ ಹಲ್ಲು

ಹಲ್ಲಿನ ವಿಷಯದಲ್ಲಿ ನನಗಿರುವ ಜ್ಞಾನವನ್ನು ಊರಲ್ಲಿ ಯಾರೂ ಅನುಮಾನಿಸಿರಲಿಲ್ಲ, ನಾನಂತೂ ಮೊದಲೇ ಇಲ್ಲ. ಮುಧೋಳದಲ್ಲಿ ಹುಟ್ಟಿ ಒಂದು ಮುಧೋಳ ನಾಯಿ ಸಾಕದಿದ್ದರೆ ನಾಲ್ಕು ಜನರ ನಡುವೆ ಮರ್ಯಾದೆ ಎಲ್ಲಿಯದು? ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತನಾದ ನನಗೆ ಆ ಮರ್ಯಾದೆ ತಂದುಕೊಟ್ಟವಳು ತಿಮ್ಮಾಪುರದಿಂದ ಮರಿಯಾಗಿ ಬಂದ ರಾಣಿ. ಮನೆಗೆ ಯಾರೇ ಬರಲಿ, ಚಹಾಕ್ಕಿಂತ ಮೊದಲು ರಾಣಿಯ ತುಟಿ ಎತ್ತಿ ಹಲ್ಲು ತೋರಿಸುವುದು ನನ್ನ ಪದ್ಧತಿ. ಪ್ರತಿ ರವಿವಾರ ಬೆಳಿಗ್ಗೆ ಅವಳ ಹಲ್ಲು ಒರೆಸುತ್ತಿದ್ದೆ. ಲಸಿಕೆ, ತಪಾಸಣೆ ಬರೆದಿಟ್ಟ ಅವಳ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದೆ. ನಮ್ಮ ಲಗ್ನಪತ್ರಿಕೆಗೂ ಆ ಯೋಗ ಬಂದಿರಲಿಲ್ಲ.

ಹೋದ ವರ್ಷ ಮಗಳು ಸುಮಾಳ ಶಾಲೆಯಲ್ಲಿ ಹಲ್ಲು ತಪಾಸಣೆಯ ಶಿಬಿರ ನಡೆದಾಗ ಪಾಲಕರ ಪರವಾಗಿ ಭಾಷಣ ಮಾಡಿದವನೂ ನಾನೇ. ಸಿಹಿ ಕಡಿಮೆ ಮಾಡಿ, ಉಂಡ ಮೇಲೆ ಬಾಯಿ ಮುಕ್ಕಳಿಸಿ, ಆರು ತಿಂಗಳಿಗೊಮ್ಮೆ ವೈದ್ಯರಿಗೆ ಹಲ್ಲು ತೋರಿಸಿ ಎಂದು ಗಂಟಲು ಹರಿಯುವಂತೆ ಹೇಳಿ, ನನ್ನ ಕೈಯಿಂದಲೇ ಮಕ್ಕಳಿಗೆಲ್ಲ ಪೇಢೆ ಹಂಚಿದೆ. ಚಪ್ಪಾಳೆ ಭಾಷಣಕ್ಕೋ ಪೇಢೆಗೋ ಎಂದು ವಿಚಾರಿಸಲು ಹೋಗಲಿಲ್ಲ. ಸಂಜೆ ಸುಮಾ ಒಂದು ಚೀಟಿ ತಂದುಕೊಟ್ಟಳು: ಕೆಳದವಡೆಯ ಬಲಗಡೆಯ ಹಲ್ಲಿಗೆ ಹುಳುಕು ಹತ್ತಿದೆ, ವೈದ್ಯರಿಗೆ ತೋರಿಸಿ. ರಾಣಿಯ ಮರಿಹಲ್ಲೆಲ್ಲ ಆರೇಳು ತಿಂಗಳಲ್ಲಿ ಬಿದ್ದು ಹೊಸವು ಬಂದದ್ದನ್ನು ಕಣ್ಣಾರೆ ಕಂಡವನು ನಾನು. ಇದೂ ಹಾಲುಹಲ್ಲು, ಬಿದ್ದು ಮತ್ತೆ ಬರುತ್ತದೆ ಎಂದು ತೀರ್ಪು ಕೊಟ್ಟು ಚೀಟಿಯನ್ನು ಎಲ್ಲೋ ಜೋಪಾನವಾಗಿ ಇಟ್ಟೆ.

ಈ ವರ್ಷ ಸುಮಾ ರೊಟ್ಟಿಯನ್ನು ಎಡಗಡೆಯಿಂದ ಮಾತ್ರ ಅಗಿಯತೊಡಗಿದ್ದಳಂತೆ. ನನಗೆ ಕಾಣಲಿಲ್ಲ. ರಾಣಿ ಒಂದು ತುತ್ತು ಬಿಟ್ಟಿದ್ದರೆ ಕಾಣುತ್ತಿತ್ತು. ಒಂದು ರವಿವಾರ ಬೆಳಿಗ್ಗೆ ನಾನು ರಾಣಿಯ ಹಲ್ಲು ಒರೆಸುತ್ತಿರುವಾಗ ಸುಮಾ ಕೆನ್ನೆ ಹಿಡಿದುಕೊಂಡು ಅಳುತ್ತ ಬಂದಳು. ಹಿಂದೆಯೇ ಬಂದ ಹೆಂಡತಿ ದನಿ ಏರಿಸದೆ ಕೇಳಿದಳು:

“ವಾರಕ್ಕೊಮ್ಮೆ ನಾಯಿ ಬಾಯಿ ನೋಡ್ತೀರಿ. ಮಗಳ ಬಾಯಿ ನೋಡಿ ಎಷ್ಟ ದಿನಾ ಆತ್ರಿ?”

ರಾಣಿಯ ತುಟಿ ಬಿಟ್ಟು ಒರೆಸುವ ಬಟ್ಟೆ ಕೆಳಗಿಟ್ಟೆ. ಮರುದಿನವೇ ಹಲ್ಲಿನ ದವಾಖಾನೆಗೆ ಮೂವರೂ ಹೋದೆವು. ವೈದ್ಯೆ ವಯಸ್ಸಿನಲ್ಲಿ ಚಿಕ್ಕವರು. ಹಿಂದೆ ತೋರಿಸಿದ ಕಾಗದ ಏನಾದರೂ ಇದೆಯೇ ಎಂದಾಗ ನಾನು ಗತ್ತಿನಿಂದ ಚೀಲಕ್ಕೆ ಕೈಹಾಕಿ ಕಾರ್ಡು ಕೊಟ್ಟೆ. ಅವರು ಓದಿ, ರೇಬೀಸ್ ಲಸಿಕೆ ಹೊತ್ತಿಗೆ ಸರಿಯಾಗಿ ಹಾಕಿಸಿದ್ದಕ್ಕೆ ಮೆಚ್ಚಿದರು. ಕಾರ್ಡು ರಾಣಿಯದು; ದವಾಖಾನೆ ಎಂದ ಕೂಡಲೇ ರೂಢಿಯಂತೆ ಚೀಲಕ್ಕೆ ಹಾಕಿಕೊಂಡಿದ್ದೆ. ಅದರೊಳಗಿಂದ ಜಾರಿ ಬಿದ್ದದ್ದು ಹೋದ ವರ್ಷದ ಶಾಲೆಯ ಚೀಟಿ. ಹೆಂಡತಿ ಅದನ್ನು ಎತ್ತಿ ಓದಿ ನನ್ನ ಕೈಗೆ ಕೊಟ್ಟಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಇದು ಹಾಲ ಹಲ್ಲಲ್ರಿ ಸರ, ಆರು ವರ್ಷಕ್ಕ ಬರೂ ಕಾಯಂ ದವಡಿ ಹಲ್ಲು. ಹ್ವಾದ್ರ ಮತ್ತ ಬರೂದಿಲ್ಲ,” ಎಂದರು ವೈದ್ಯೆ.

ಉಳಿಯುತ್ತದೆಯೇ ಎಂದು ಕೇಳಿದೆ. ನೋಡೋಣ ಎಂದಷ್ಟೇ ಹೇಳಿ ಕೆಲಸ ಶುರುಮಾಡಿದರು. ಸುಮಾ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು, ಕಣ್ಣಲ್ಲಿ ನೀರು ತುಂಬಿದ್ದರೂ ಬಾಯಿ ಮುಚ್ಚಲಿಲ್ಲ. ನಾನು ಹೊರಗೆ ಹೋಗಿ ಎರಡು ಸಲ ನೀರು ಕುಡಿದು ಬಂದೆ. ಕೊನೆಗೆ ಹುಳುಕು ತೆಗೆದು ಸಿಮೆಂಟ್ ತುಂಬಿ, ಹಲ್ಲು ಉಳಿಯಿತು, ಇನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಬನ್ನಿ ಎಂದರು. ನನ್ನದೇ ಭಾಷಣದ ಸಾಲು.

ಬಂದದ್ದು ಬಂದಿದ್ದೀರಿ, ನಿಮ್ಮದನ್ನೂ ನೋಡಿಬಿಡುತ್ತೇನೆ ಎಂದು ಅವರು ನನ್ನತ್ತ ತಿರುಗಿದರು. ನನಗೆ ಥಟ್ಟನೆ ಆಫೀಸು ನೆನಪಾಯಿತು. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಕುರ್ಚಿಯಲ್ಲಿ ಕುಳಿತವನು ತುಟಿ ಬಿಗಿದುಕೊಂಡೆ. ಆಗ ಸುಮಾ ಹತ್ತಿರ ಬಂದು, ರವಿವಾರ ನಾನು ಮಾಡುವಂತೆಯೇ ಎಡಗೈಯಿಂದ ನನ್ನ ಗದ್ದ ಹಿಡಿದು, ಬಲಗೈ ಹೆಬ್ಬೆರಳಿಂದ ಮೇಲ್ತುಟಿ ಎತ್ತಿದಳು.

“ಅಪ್ಪಾ, ಸುಮ್ನ ಬಾಯಿ ತಗಿ. ರಾಣಿ ಒಂದ ದಿನಾನೂ ಹಿಂಗ ಹಟಾ ಮಾಡಿಲ್ಲ.”